ಹಗೇವಿನ ಬಾಯಲ್ಲಿ ಕೂತ ಚಿಗವ್ವ

ಚಿಗವ್ವನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಬೆಳ್ಳಗೆ ಹೊಳೆಯುತ್ತಿತ್ತು. ಬಣ್ಣ ಹಚ್ಚಿಕೊಂಡದ್ದಲ್ಲ. ಚಹಾಪುಡಿ, ಸೋಪಿನ ಪುಡಿಯ ಪೊಟ್ಟಣಗಳಲ್ಲಿ ಬರುವ ಕೂಪನ್ನುಗಳ ಬೂದು ಲೇಪವನ್ನು ಕೆರೆದು ಕೆರೆದು ಅದರ ಪುಡಿ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು. ರೊಟ್ಟಿ ಬಡಿಯುವಾಗ ಹಿಟ್ಟಿನ ನಡುವೆ ಆ ಉಗುರೊಂದೇ ಮಿಣುಕುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ. ಕಾಣುತ್ತದೆ ಎಂದು ಬರೆದೆ. ನಿಜಕ್ಕೂ ಕಂಡಿದ್ದೆನೋ, ಅವಳು ಹೋದ ಮೇಲೆ ನಾನೇ ಆ ಹೊಳಪು ಕೊಟ್ಟುಕೊಂಡೆನೋ ಹೇಳಲಾರೆ. ಅವಳ ವಿಷಯದಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ನಂಬದಿರಲು ಕಾರಣವಿದೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ರೋಣದ ಹತ್ತಿರದ ಸವಡಿಯಲ್ಲಿ ಮನೆ. ಮಕ್ಕಳಿರಲಿಲ್ಲ. ಅವಳ ಗಂಡ, ನನ್ನ ಕಾಕಾ, ಇದ್ದಷ್ಟು ಹೊಲದಲ್ಲಿ ಕಡಲೆ ಬೆಳೆಯುತ್ತಿದ್ದ. ಉಣ್ಣುವ ಜೋಳವನ್ನು ಊರಿನ ಬಹಳ ಮಂದಿಯ ಹಾಗೆ ಅವರೂ ಕೊಂಡೇ ತರುತ್ತಿದ್ದರು. ಚಿಗವ್ವ ಸಾಲಿ ಬಿಟ್ಟದ್ದು ಏಳನೇ ಇಯತ್ತೆಗೆ. ಅವಳಿಗೆ ಎರಡು ಹುಚ್ಚು. ಒಂದು, ಕಿರಾಣಿ ಸಾಮಾನಿನ ಮೇಲೆ ಸಿಗುವ ರಿಯಾಯಿತಿ. ಇನ್ನೊಂದು, ಯಾರೂ ಆಡದ ಪದ. ರೋಣದ ಯಾವ ಅಂಗಡಿಯಲ್ಲಿ ಎಣ್ಣೆಯ ಡಬ್ಬಿಗೆ ಸಕ್ಕರೆ ಪುಕ್ಕಟೆ, ಗಜೇಂದ್ರಗಡದಲ್ಲಿ ಯಾವ ಸೋಪಿನ ಖಾಲಿ ಕಾಗದ ಕೊಟ್ಟರೆ ಹೊಸ ಸೋಪು, ನರಗುಂದದಲ್ಲಿ ಯಾರು ಫೋನಿಗೆ ದುಡ್ಡು ವಾಪಸು ಹಾಕುತ್ತಾರೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಪದಗಳು ಸಿಗುತ್ತಿದ್ದದ್ದು ಸಾಮಾನು ಕಟ್ಟಿಕೊಟ್ಟ ಹಳೆಯ ಪೇಪರಿನ ಪದಬಂಧದಲ್ಲಿ, ಇಲ್ಲವೆ ಅಂಗಡಿಯ ಮುಂದೆ ನಿಂತ ಮುದುಕರ ಬಾಯಲ್ಲಿ.

‘ಎರಡೂ ಮಂದಿ ಬಿಟ್ಟು ಹೋಗಿದ್ದು ನೋಡು ತಮ್ಮಾ’ ಎನ್ನುತ್ತಿದ್ದಳು. ‘ಬಗ್ಗಿ ತಗೊಂಡ್ರ ನಮ್ಮವು.’

ಧಾರವಾಡದಲ್ಲಿ ಎಂ.ಎ. ಮುಗಿಸಿ, ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹಾರುತ್ತ, ಎಲ್ಲಿಯೂ ನಿಲ್ಲಲಾಗದೆ ಇದ್ದ ದಿನಗಳಲ್ಲಿ ನಾನು ಆಗಾಗ ಅವಳ ಮನೆಗೆ ಹೋಗಿ ಬೀಳುತ್ತಿದ್ದೆ. ಒಮ್ಮೆ ಹೇಳಿದೆ: ‘ಚಿಗವ್ವಾ, ಅವರು ಮೊದ್ಲ ರೇಟ್ ಏರಸ್ತಾರ, ಆಮ್ಯಾಲ ಇಳಿಸಿದಂಗ ಮಾಡ್ತಾರ. ಎಲ್ಲಾ ಕಣ್ಕಟ್ಟು.’

‘ನನಗ ತಿಳಿಯಂಗಿಲ್ಲೇನೋ? ಏರಿಸಿದ್ದನ್ನ ಹ್ಯಾಂಗೂ ಕೊಡ್ತೀನಿ. ಇಳಿಸಿದ್ದನ್ನ ಯಾಕ ಬಿಟ್ಟು ಬರ್ಲಿ?’

ಹೊಸ ಪದ ಸಿಕ್ಕ ದಿನ ಅದನ್ನು ಯಾರ ಮುಂದಾದರೂ ಆಡಲೇಬೇಕು ಎಂಬುದು ಅವಳ ನಿಯಮ. ಆಡದ ಪದ ತನ್ನದಲ್ಲ. ಗಾಳಿಗೆ ‘ಎಲರು’ ಅನ್ನುತ್ತಾರೆ ಎಂದು ತಿಳಿದ ದಿನ ನಾನು ಅವಳ ಜೊತೆ ಗಜೇಂದ್ರಗಡದ ಬಸ್ಸಿನಲ್ಲಿದ್ದೆ. ಕಂಡಕ್ಟರಿಗೆ ಹೇಳಿದಳು: ‘ಆ ಕಿಟಕಿ ಒಂದೀಟು ತಗೀರಿ, ಎಲರು ಬರ್ಲಿ.’

‘ಯಾರು ಬರ್ಬೇಕ್ರಿ ಯಕ್ಕಾ? ಟಿಕೆಟ್ ತಗಸೀರೇನು ಅವರ್ದು?’

ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು. ಇಳಿಯುವಾಗ ನನ್ನ ಕಿವಿಯಲ್ಲಿ, ‘ಈಗ ಅದು ನಂದಾತು’ ಎಂದಳು. ರೋಣದ ಕಿರಾಣಿ ಅಂಗಡಿಯವರಂತೂ ಅವಳು ಮೆಟ್ಟಿಲು ಹತ್ತುವಾಗಲೇ ಕೂಗುತ್ತಿದ್ದರು: ‘ಬಂದ್ರು ನೋಡ್ರಿ! ಇವತ್ತ ನಾವು ಲಾಸ್!’ ಅವಳು ಸೆರಗು ಸರಿಪಡಿಸಿಕೊಂಡು, ‘ಲಾಸ್ ಆದವರ ಹೊಟ್ಟಿ ಹಿಂಗ ಮುಂದ ಬಂದಿರ್ತೈತೇನ್ರಿ?’ ಅನ್ನುತ್ತಿದ್ದಳು.

ನಾನು ಹೋದಾಗಲೆಲ್ಲ ಪದಗಳ ಪರೀಕ್ಷೆ ನಡೆಯುತ್ತಿತ್ತು. ಅರ್ಥ ಅವಳು ಹೇಳಬೇಕು, ಪದ ನಾನು ಹೇಳಬೇಕು. ಬೆವರಿಗೆ? ಬೆಮರು. ಕಲ್ಲುದಿಬ್ಬಕ್ಕೆ? ಮೊರಡಿ. ಗೆದ್ದಲಿಗೆ? ಒರಲೆ. ಕೆಟ್ಟ ಎಣ್ಣೆಯ ವಾಸನೆಗೆ? ಕಮಟು. ತಪ್ಪಿದರೆ ಚಹಾ ಇಲ್ಲ.

ಮನೆಯ ಮುಂದಿನ ಅಂಗಳದಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಹೂಜಿಯ ಹಾಗೆ ತೋಡಿದ ಕಾಳಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಹೇಗೋ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಕಾಳು ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಹುಳವಿಲ್ಲ, ಇಲಿಯಿಲ್ಲ. ಊರಿನಲ್ಲಿ ಹೆಚ್ಚಿನವರು ಅವನ್ನು ಬಿಟ್ಟು ತಗಡಿನ ಡಬ್ಬಕ್ಕೆ ಬಂದಿದ್ದರು. ಆ ಕಲ್ಲಿನ ಮೇಲೆ ಕಾಲಿಟ್ಟರೆ ಕೆಳಗಿನಿಂದ ಬೇರೆಯದೇ ಒಂದು ಸದ್ದು ಬರುತ್ತಿತ್ತು. ಸಣ್ಣವನಿದ್ದಾಗ ನಾನು ಅದನ್ನು ಸುತ್ತು ಹಾಕಿ ನಡೆಯುತ್ತಿದ್ದೆ. ದೊಡ್ಡವನಾದ ಮೇಲೂ ಸುತ್ತು ಹಾಕಿಯೇ ನಡೆಯುತ್ತಿದ್ದೆ ಎಂದು ಚಿಗವ್ವ ನಗುತ್ತಿದ್ದಳು.

ಆ ವರ್ಷ ರೋಣದ ಒಂದು ಸಗಟು ಅಂಗಡಿಯಲ್ಲಿ ಜೋಳದ ಚೀಲದೊಳಗೆ ಒಂದೊಂದು ಚೀಟಿ ಇಟ್ಟು ಮಾರುತ್ತಿದ್ದರು. ಮಳೆಗಾಲದ ಹೊತ್ತಿಗೆ, ಗೊತ್ತು ಮಾಡಿದ ದಿನದೊಳಗೆ ಚೀಟಿ ತಂದು ಕೊಟ್ಟರೆ ಬೆಲೆಯಲ್ಲಿ ಒಂದು ಪಾಲು ವಾಪಸು. ಹೆಚ್ಚು ಚೀಲಕ್ಕೆ ಹೆಚ್ಚು ಪಾಲು. ಚಿಗವ್ವ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಒಂದೇ ಸಲಕ್ಕೆ ಜೋಳ ತರಿಸಿದಳು. ಎಲ್ಲರ ಮನೆಯ ಜೋಳ ಇಡಲು ಜಾಗ ಬೇಕಲ್ಲ, ಹಗೇವು ತೆಗೆಸಿದಳು. ಆಳುಗಳು ಚೀಲದ ಬಾಯಿ ಬಿಚ್ಚಿ ಬಿಚ್ಚಿ ಒಳಗೆ ಸುರಿದರು. ಕಾಳಿನ ಜೊತೆಗೆ ಚೀಟಿಗಳೂ ಹೋದವು. ಅವಳಿಗೆ ಅದು ಹೊಳೆದದ್ದು ಕಲ್ಲು ಮುಚ್ಚಿ ಮಣ್ಣು ಮೆತ್ತಿ ತಿಂಗಳುಗಳು ಕಳೆದ ಮೇಲೆ, ಗಡುವು ಹತ್ತಿರ ಬಂದಾಗ.

ನಾನು ಹೋದದ್ದು ಅಂಥ ಹೊತ್ತಿಗೆ. ಮೋಡ ಕವಿದಿತ್ತು, ಎಲೆ ಅಲುಗುತ್ತಿರಲಿಲ್ಲ. ಕಲ್ಲು ಬೆಳಿಗ್ಗೆಯೇ ಸರಿಸಿದ್ದರು. ಅಂಗಳದ ತುಂಬ ಹುಳಿಹುಳಿಯಾದ, ಬೆಚ್ಚನೆಯ ವಾಸನೆ. ಪಕ್ಕದ ಮನೆಯ ಚಾಚಾ ಹಗ್ಗ ಹಿಡಿದು ಕೂತಿದ್ದರು. ಹರೆಯದಲ್ಲಿ ಎಷ್ಟೋ ಹಗೇವು ಇಳಿದವರು, ಈಗ ಮೊಣಕಾಲು ಮಡಚುತ್ತಿರಲಿಲ್ಲ. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವನು ಎಚ್ಚರ ತಪ್ಪಿ ಅಲ್ಲೇ ಸಾಯುತ್ತಾನೆ ಎಂಬುದು ಆ ಕಡೆ ಎಲ್ಲರಿಗೂ ಗೊತ್ತು. ಅದಕ್ಕೇ ಅರ್ಧ ದಿನ ಬಾಯಿ ತೆರೆದಿಡುತ್ತಾರೆ, ಆಮೇಲೆ ದೀಪ ಇಳಿಸಿ ನೋಡುತ್ತಾರೆ. ಮಧ್ಯಾಹ್ನ ಕಂದೀಲು ಇಳಿಸಿದೆವು. ಕಾಳಿನ ಮೇಲೆ ಕೂತು ನೆಟ್ಟಗೆ ಉರಿಯಿತು.

ಕಾಕಾನ ಭುಜ ಆ ಬಾಯಲ್ಲಿ ತೂರುವಂತಿರಲಿಲ್ಲ. ಉಳಿದವನು ನಾನು.

‘ಬ್ಯಾಡ ಬಿಡೋ’ ಎಂದಳು ಚಿಗವ್ವ. ‘ನಾ ಮಂದಿಗೆ ಹೇಳ್ಕೋತೀನಿ.’

‘ದೀಪಾ ಉರ್ಯಾಕತ್ತೈತಲ್ಲ ಚಿಗವ್ವಾ.’

‘ದೀಪಾ ಬಗ್ಗಿ ಚೀಟಿ ಹುಡ್ಕಂಗಿಲ್ಲ’ ಎಂದಳು ಅವಳು. ಹೀಗೆಂದಳು ಎಂದು ನನ್ನ ನೆನಪು. ಆಮೇಲೆ ಆದದ್ದನ್ನು ತಿಳಿದ ನನ್ನ ತಲೆ ಈ ಮಾತನ್ನು ಅವಳ ಬಾಯಲ್ಲಿ ಇಟ್ಟಿರಲೂಬಹುದು. ಕಾಕಾನನ್ನು ಕೇಳಿದರೆ, ಅವಳು ಸುಮ್ಮನೆ ನಿಂತಿದ್ದಳು ಅನ್ನುತ್ತಾನೆ.

ಸೊಂಟಕ್ಕೆ ಹಗ್ಗ ಕಟ್ಟಿದರು. ಚಾಚಾ ಕಟ್ಟಿನ ಗಂಟು ಎಳೆದು ನೋಡಿ, ‘ಒಳಗ ಹೋದ ಮ್ಯಾಲ ಬಾಯಿ ಮುಚ್ಚಬ್ಯಾಡ್ರಿ’ ಎಂದರು. ‘ಹಾಡ್ರಿ, ಬೈರಿ, ಏನರೆ ಅನ್ರಿ. ದನಿ ನಿಂತ್ರ ನಾವು ಎಳಿಯಾವ್ರು.’ ಅದು ಹಗೇವು ಇಳಿಯುವವರ ಪದ್ಧತಿ. ಕೆಲವರು ಭಜನೆ ಹೇಳುತ್ತ ಇಳಿಯುತ್ತಿದ್ದರಂತೆ, ಕೆಲವರು ಮೇಲಿದ್ದ ಮಾಲಕನಿಗೆ ಬೈಯುತ್ತ. ನನಗೆ ಹಾಡು ಬರುವುದಿಲ್ಲ. ಚಿಗವ್ವ ಬಾಯಿಯ ಅಂಚಿಗೆ ಕೂತು, ‘ನಾ ಕೇಳ್ತೀನಿ, ನೀ ಹೇಳ್ಕೋತ ಹೋಗು’ ಎಂದಳು.

ಇಳಿದೆ. ಮೇಲೆ ಒಂದು ತಟ್ಟೆಯಷ್ಟು ಬೆಳಕು, ಅದರ ಅಂಚಿನಲ್ಲಿ ಅವಳ ತಲೆ. ಕಾಳು ಬೆಚ್ಚಗಿತ್ತು, ಮಲಗಿದ ಪ್ರಾಣಿಯ ಮೈಯ ಹಾಗೆ. ಮೊದಲ ಚೀಟಿ ಮೇಲೆಯೇ ಸಿಕ್ಕಿತು. ಉಳಿದವಕ್ಕೆ ಮಂಡಿಯೂರಿ, ಮೊಣಕೈವರೆಗೆ ಕೈ ತೂರಿಸಿ, ಮುಖ ಕಾಳಿಗೆ ತಾಗುವಷ್ಟು ಬಗ್ಗಿ ತಡಕಬೇಕಾಯಿತು.

‘ಗಾಳಿಗೆ?’

‘ಎಲರು.’

‘ಬೆವರಿಗೆ?’

‘ಬೆಮರು. ಭಾಳ ಬರಾಕತ್ತೈತಿ.’

ಮೇಲೆ ಎಲ್ಲರೂ ನಕ್ಕರು. ಅವಳು ಕೇಳುತ್ತಲೇ ಇದ್ದಳು, ನಾನು ಹೇಳುತ್ತಲೇ ಇದ್ದೆ. ಚೀಟಿಗಳು ಸಿಗುತ್ತಿದ್ದವು. ಅವಳ ದನಿ ನನ್ನ ಕಿವಿಯ ಹತ್ತಿರಕ್ಕೆ ಬಂದಂತಾಯಿತು, ಪಕ್ಕದಲ್ಲೇ ಕೂತು ಕೇಳುತ್ತಿದ್ದಂತೆ. ನನಗೆ ಬಹಳ ಹಿತವಾಗಿತ್ತು. ನನ್ನ ನೆನಪಿನ ಪ್ರಕಾರ ನಾನು ಒಂದು ಪ್ರಶ್ನೆಗೂ ತಪ್ಪು ಉತ್ತರ ಕೊಡಲಿಲ್ಲ. ಪ್ರತಿಯೊಂದಕ್ಕೂ ಸ್ಪಷ್ಟವಾಗಿ, ಸರಿಯಾಗಿ ಹೇಳಿದೆ. ಆಮೇಲೆ ಆಕಾಶ ಕಂಡಿತು, ನಾನು ಅಂಗಳದಲ್ಲಿ ಬಿದ್ದಿದ್ದೆ, ಚಿಗವ್ವ ನನ್ನ ಕೆನ್ನೆಗೆ ಬಾರಿಸುತ್ತಿದ್ದಳು.

ನಡುವೆ ಆದದ್ದನ್ನು ಉಳಿದವರು ಹೇಳಿದರು. ಅವಳು ಒಂದು ಪ್ರಶ್ನೆ ಕೇಳಿದಳಂತೆ. ನಾನು ತಡೆಯದೆ ಉತ್ತರ ಕೊಟ್ಟೆನಂತೆ. ಅವಳು ಅದನ್ನೇ ಇನ್ನೊಮ್ಮೆ ಕೇಳಿದಳು. ನಾನು ಇನ್ನಷ್ಟು ಜೋರಾಗಿ, ಉತ್ಸಾಹದಿಂದ, ಉದ್ದಕ್ಕೆ ಏನೋ ಹೇಳಿದೆ.

‘ಎಳೀರಿ!’ ಎಂದು ಚೀರಿದಳು.

‘ಮಾತಾಡಾಕತ್ತಾನಲ್ಲ, ಇನ್ನೊಂದೆರಡು ಉಳದಾವಂತ, ತಡಿ’ ಎಂದ ಕಾಕಾ.

‘ಅದು ಮಾತಲ್ರಿ! ಅದು ಯಾವ ಮಾತೂ ಅಲ್ಲ! ಎಳೀರಿ!’

ಕಾಕಾ ಆಗಲೂ ಒಂದು ಕ್ಷಣ ಅನುಮಾನಿಸಿದನಂತೆ. ಚಾಚಾ ಕೂಡ. ಅವರು ಕಾಯುತ್ತಿದ್ದದ್ದು ದನಿ ನಿಲ್ಲುವುದಕ್ಕೆ, ದನಿ ನಿಂತಿರಲಿಲ್ಲ. ಊರಿನ ಕನ್ನಡ ಬಿಟ್ಟು ಬೇರೇನು ಕೇಳಿದರೂ ಅವರಿಗೆ ಅದು ನನ್ನ, ಚಿಗವ್ವನ ಪದಗಳ ಆಟದ ಹಾಗೇ ಇತ್ತು. ಚಿಗವ್ವ ತಾನೇ ಹಗ್ಗಕ್ಕೆ ಬಿದ್ದು ಎಳೆಯತೊಡಗಿದಳು, ಆಮೇಲೆ ಅವರು ಕೈ ಹಾಕಿದರು. ಬಾಯಿಯ ಹತ್ತಿರ ಬರುವಷ್ಟರಲ್ಲಿ ನನ್ನ ದನಿ ನಿಂತಿತ್ತು, ತುಟಿ ಕಪ್ಪಾಗಿತ್ತು. ನಾನು ನಗುತ್ತಿದ್ದೆ ಎಂದರು ಚಾಚಾ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ರೋಣದ ದವಾಖಾನೆಗೆ ಒಯ್ದರು. ಅಲ್ಲಿನ ಡಾಕ್ಟರು ಎಲ್ಲ ಕೇಳಿ, ದೀಪ ಉರಿದದ್ದು ಮೇಲಿನ ಗಾಳಿಗೆ ಎಂದರು. ಕೆಟ್ಟ ಗಾಳಿ ಕಾಳಿನ ಸಂದುಗಳಲ್ಲಿ ಅಡಗಿ ಕೂತಿತ್ತು. ಕೈ ಹಾಕಿ ಕಲಕಿದ ಹಾಗೆಲ್ಲ ಅದು ನನ್ನ ಮೂಗಿಗೇ ಎದ್ದು ಬಂದಿತ್ತು. ಹಗೇವಿನಿಂದ ಜನ ಬುಟ್ಟಿಯಲ್ಲಿ ಮೇಲುಮೇಲಿನ ಕಾಳು ತೆಗೆಯುತ್ತಾರೆ. ಒಳಗೆ ಮುಖ ಹುದುಗಿಸಿ ಚೀಟಿ ಹುಡುಕುವ ಕೆಲಸ ಯಾವ ಕಾಲದಲ್ಲೂ ಯಾರೂ ಮಾಡಿರಲಿಲ್ಲ, ಹಾಗಾಗಿ ಅದಕ್ಕೊಂದು ಪದ್ಧತಿಯೂ ಹುಟ್ಟಿರಲಿಲ್ಲ. ‘ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ರ ನಮ್ಮ ಕಡಿ ತರೂದು ಬೇಕಾಗಿದ್ದಿಲ್ಲ’ ಎಂದರು ಡಾಕ್ಟರು. ಚಿಗವ್ವ ಗೋಡೆಗೆ ಆತು ನಿಂತಿದ್ದಳು.

ನನ್ನ ಮುಷ್ಟಿಯಲ್ಲಿದ್ದ ಚೀಟಿಗಳನ್ನು ಓಣಿಯವರ ಪಾಲಿಗೆಂದು ಕಾಕಾನ ಕೈಯಲ್ಲಿ ಅಂಗಡಿಗೆ ಕಳಿಸಿದಳು. ತನ್ನ ಪಾಲಿನವನ್ನು ಗೋಡೆಯ ಗೂಡಿನಲ್ಲೇ ಇಟ್ಟುಬಿಟ್ಟಳು, ಗಡುವು ದಾಟಿತು. ಕಾಳನ್ನೆಲ್ಲ ದಿನಗಟ್ಟಲೆ ಮೇಲಿನಿಂದಲೇ ತೆಗೆಸಿ, ಹಗೇವಿಗೆ ಮಣ್ಣು ಹೊಡೆಸಿದಳು. ಆಮೇಲೂ ಅಂಗಡಿಗೆ ಹೋದಳು, ಕೂಪನ್ನು ಕೆರೆದಳು. ಆದರೆ ಪದ ಕೇಳುವುದು ನಿಂತಿತು. ರೋಣದ ಅಂಗಡಿಯವರು, ‘ಇವತ್ತಿನ ಮಾತು ಯಾವುದ್ರಿ?’ ಎಂದು ಕೆಣಕಿದರೆ, ‘ಸಾಕಾತ್ರಿ’ ಎಂದು ಚೀಲ ಹಿಡಿಯುತ್ತಿದ್ದಳು.

ನನ್ನ ಪ್ರಶ್ನೆ ಒಂದೇ ಆಗಿತ್ತು. ಆಗ ಅವಳು ಕೇಳಿದ್ದು ಏನು? ಯಾವ ಪದದ ಹತ್ತಿರ ನನ್ನ ಬುದ್ಧಿ ಕೈಬಿಟ್ಟಿತು? ನನಗೆ ಅದು ಬರೀ ಕುತೂಹಲ. ಪದಗಳಲ್ಲಿ ಕೆಡುಕು ಇರುತ್ತದೆಂದು ನಂಬುವವನಲ್ಲ ನಾನು. ಹೋದಾಗಲೆಲ್ಲ ಕೇಳಿದೆ. ಅವಳು ಒಲೆಯ ಕಡೆ ತಿರುಗುತ್ತಿದ್ದಳು. ಒಮ್ಮೆ ಬಹಳ ಪೀಡಿಸಿದಾಗ ಹೇಳಿದಳು:

‘ಅದನ್ನ ನಾ ಇಟ್ಕೊಂಡೀನಿ. ನಿನ್ನ ಕಡೆ ಬಿಡಂಗಿಲ್ಲ.’

‘ಬರೇ ಒಂದು ಪದಾ ಚಿಗವ್ವಾ.’

‘ನೀ ಅದಕ್ಕ ಏನಂದಿ ಅನ್ನೂದು ನಾ ಕೇಳೀನೋ ತಮ್ಮಾ. ನೀ ಕೇಳಿಲ್ಲ.’

ಕಂಡವರಿಗೆಲ್ಲ ಪದ ಹಂಚಿದವಳು ಅದೊಂದನ್ನು ಹಿಡಿದುಕೊಂಡಳು. ಕಳೆದ ಮಳೆಗಾಲದಲ್ಲಿ, ಸವಡಿಯ ಮನೆಯಲ್ಲೇ, ಮಧ್ಯಾಹ್ನ ಊಟ ಮಾಡಿ ಅಡ್ಡಾದವಳು ಏಳಲಿಲ್ಲ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಿನಕರ್ಮ ಮುಗಿದ ಮೇಲೆ ಕಾಕಾನನ್ನೂ ಚಾಚಾರನ್ನೂ ಬೇರೆ ಬೇರೆಯಾಗಿ ಕೇಳಿದೆ. ಮೊರಡಿಯ ಪ್ರಶ್ನೆ ಇರಬೇಕು ಎಂದ ಕಾಕಾ. ಇಲ್ಲ, ಯಾವುದೋ ಹಕ್ಕಿಯ ಹೆಸರು ಕೇಳಿದ್ದರು ಎಂದರು ಚಾಚಾ. ಮೊರಡಿ ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಗೊತ್ತಿದ್ದ ಹಕ್ಕಿಗಳ ಹೆಸರನ್ನೆಲ್ಲ ಹೇಳಿ ನೋಡಿದೆ. ಏನೂ ಆಗಲಿಲ್ಲ. ಆಗುವುದೂ ಇಲ್ಲ ಎಂದು ನನಗೆ ಗೊತ್ತು. ಆದರೂ ಪಾಠ ಮಾಡುತ್ತಿರುವಾಗ, ಓದುತ್ತಿರುವಾಗ, ಯಾವುದೋ ಒಂದು ಪದ ಬಾಯಿಗೆ ಬರುವ ಮೊದಲು ಸುತ್ತಲಿನ ಸದ್ದೆಲ್ಲ ಹಿಂದೆ ಸರಿದು, ಯಾರೋ ಕಿವಿಯ ಪಕ್ಕದಲ್ಲಿ ಕೂತ ಹಾಗೆ ಆಗುತ್ತದೆ; ನಾನು ಆ ವಾಕ್ಯವನ್ನು ಬೇರೆ ಪದದಿಂದ ಮುಗಿಸುತ್ತೇನೆ. ಪ್ರಶ್ನೆ ಕೇಳಿದವಳು ಹೋದಳು. ಸರಿಯಾದ ಉತ್ತರ ಕೊಟ್ಟೆನೆಂದು ನೆನಪಿರುವ ನಾನು ಉಳಿದಿದ್ದೇನೆ.