ಮಾಸ್ಟರ್ ಬಲಗೈ

ಹೆಂಚುಗಳ ಮಧ್ಯೆ ಇಟ್ಟಿದ್ದ ಪೆನ್ಸಿಲ್ ತುಂಡುಗಳನ್ನು ತೆಗೆದವನು ನಾನೇ.

ಮೂರು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ನಂಜನಗೂಡಿನಲ್ಲಿ ನನಗೆ ಕರಾಟೆ ಕಲಿಸಿದವರು ಸಿದ್ದರಾಜು ಮಾಸ್ಟರ್. ಅವರ ಹುಟ್ಟೂರು ನರಸೀಪುರದ ಹತ್ತಿರದ ಹೆಮ್ಮಿಗೆ. ಬೆಳಿಗ್ಗೆ ಹೊಳೆ ದಂಡೆಯಲ್ಲಿ ನಮ್ಮ ಕ್ಲಾಸ್ ಮುಗಿಸಿ, ಶೂಟಿಂಗ್ ಇದ್ದರೆ ಬಸ್ ಹತ್ತಿ ಹೋಗುತ್ತಿದ್ದರು.

ಸಿನಿಮಾದಲ್ಲಿ ಅವರು ಫೈಟರ್. ಅಂದರೆ ಹೀರೋ ಕೈಲಿ ಒದೆ ತಿನ್ನುವ ಹತ್ತು ಜನರಲ್ಲಿ ಒಬ್ಬರು. ಹದಿನಾಲ್ಕು ವರ್ಷ ಗಾಜು ಒಡೆದುಕೊಂಡು ಬಿದ್ದರು, ಮೆಟ್ಟಿಲ ಮೇಲಿಂದ ಉರುಳಿದರು. ಒಂದೇ ಒಂದು ಡೈಲಾಗ್ ಸಿಗಲಿಲ್ಲ.

ನಾವು ಶಿಷ್ಯರು ಥಿಯೇಟರಿನಲ್ಲಿ ಕೂತು, ಮಾಸ್ಟರ್ ಬಿದ್ದ ತಕ್ಷಣ ವಿಷಲ್ ಹೊಡೆಯುತ್ತಿದ್ದೆವು. ಅಕ್ಕಪಕ್ಕದವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಕೊನೆಗೆ ನಲವತ್ತೆರಡನೇ ವಯಸ್ಸಿಗೆ ಒಂದು ಪಾತ್ರ ಸಿಕ್ಕಿತು. ವಿಲನ್ ತಮ್ಮ. ಪಾತ್ರಕ್ಕೊಂದು ಹೆಸರು, ನಾಲ್ಕು ಸೀನ್ ಮಾತು, ಹೀರೋ ಜೊತೆ ಒಂಟಿ ಫೈಟ್.

ಶೂಟಿಂಗ್‌ಗೆ ಇನ್ನು ಹತ್ತು ದಿನ ಅನ್ನುವಾಗ ಹೆಮ್ಮಿಗೆಯವರು ಶಾಲೆ ಮೈದಾನದಲ್ಲಿ ಸನ್ಮಾನ ಇಟ್ಟುಕೊಂಡರು. ಅದಾದ ಮೇಲೆ ಹೆಂಚು ಒಡೆಯುವ ಡೆಮೋ.

ಹೆಂಚು ಜೋಡಿಸುವುದು ಮೊದಲಿಂದಲೂ ನನ್ನ ಕೆಲಸ. ಒಂಬತ್ತು ಚಪ್ಪಟೆ ಹೆಂಚು, ಪ್ರತಿ ಎರಡರ ಮಧ್ಯೆ ಅಂಚಿಗೆ ಪೆನ್ಸಿಲ್ ತುಂಡು. ಸಂದು ಇದ್ದರೆ ಮೇಲಿನದು ಒಡೆದು ಕೆಳಗಿನದರ ಮೇಲೆ ಬಿದ್ದು, ಒಂದೊಂದೇ ಒಡೆಯುತ್ತಾ ಹೋಗುತ್ತದೆ. ಮೋಸ ಏನಲ್ಲ, ಮಾಡುವುದೇ ಹಾಗೆ. ಸಂದಿಲ್ಲದಿದ್ದರೆ ಒಂಬತ್ತೂ ಸೇರಿ ಒಂದೇ ಕಲ್ಲು.

ಮುಂದಿನ ಸಾಲಿನಲ್ಲಿದ್ದ ಯಜಮಾನರೊಬ್ಬರು ಪಕ್ಕದವರಿಗೆ ಹೇಳಿದ್ದು ಕಿವಿಗೆ ಬಿತ್ತು. “ಮಧ್ಯದಲ್ಲಿ ಪೆನ್ಸಿಲ್ ಮಡಗವ್ರೆ ನೋಡು. ಸಿನಿಮಾದವ್ರದ್ದೆಲ್ಲ ಡೂಪೇ ಕಣಪ್ಪ.”

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮಾಸ್ಟರ್ ಡೂಪಾ?

ವೇದಿಕೆ ಮೇಲೆ ಅವರಿಗೆ ಪೇಟ ತೊಡಿಸುತ್ತಿದ್ದಾಗ, ಹೆಂಚುಗಳನ್ನು ಒಂದೊಂದಾಗಿ ಎತ್ತಿ ಪೆನ್ಸಿಲ್‌ಗಳನ್ನೆಲ್ಲ ತೆಗೆದು ಜೇಬಿಗೆ ಹಾಕಿಕೊಂಡೆ. ಅವರಿಗೆ ಹೇಳಬೇಕು ಅಂತ ತೋಚಲೇ ಇಲ್ಲ. ಅವರ ಕೈಲಿ ಆಗದ್ದು ಏನಿದೆ ಅನ್ನುವ ಹುಚ್ಚು ನಂಬಿಕೆ ನನ್ನದು.

ಮಾಸ್ಟರ್ ಬಂದು, ಮೇಲಿನ ಹೆಂಚಿಗೆ ಟವೆಲ್ ಹಾಸಲು ಬಗ್ಗಿದರು. ಕೈ ಹಾಗೇ ನಿಂತಿತು. ಒಂದು ಸಲ ನನ್ನ ಮುಖ ನೋಡಿದರು.

ನಾನು, ದಡ್ಡ ಶಿಖಾಮಣಿ, ನಗುತ್ತಾ ಹೆಬ್ಬೆರಳು ಎತ್ತಿ ತೋರಿಸಿದೆ.

ಅವರು ಟವೆಲ್ ಹಾಸಿದರು. ಉಸಿರು ಎಳೆದುಕೊಂಡರು. ಹೊಡೆದರು.

ಒಡೆದದ್ದು ಎರಡೇ ಹೆಂಚು. ಆ ಶಬ್ದ ಮಾತ್ರ...

ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈ ಎತ್ತಿ ಜನಕ್ಕೆ ನಮಸ್ಕಾರ ಮಾಡಿದರು. ನಗುತ್ತಲೇ ಇದ್ದರು. ನರಸೀಪುರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಮೈಸೂರಿಗೆ ಕಳಿಸಿದರು. ಮೂರು ಮೂಳೆ ಮುರಿದಿತ್ತು.

ಕೇಳಿದವರಿಗೆಲ್ಲ ಮಾಸ್ಟರ್ ಹೇಳಿದ್ದು ಒಂದೇ. ಪ್ರಾಕ್ಟೀಸ್ ತಪ್ಪಿಹೋಗಿತ್ತು, ವಯಸ್ಸಾಯಿತು ಅಂತ. ಮಂಚದ ಪಕ್ಕ ನಿಂತು ನಾನೂ ಹೌದೌದು ಅಂತ ತಲೆ ಆಡಿಸಿದೆ. ಥೂ ನನ್ನ ಜನ್ಮಕ್ಕೆ.

ಪಾತ್ರ ಬೇರೆಯವರ ಪಾಲಾಯಿತು. ಸಿನಿಮಾ ಬಂದಾಗ ಒಬ್ಬನೇ ಹೋದೆ. ವಿಲನ್ ತಮ್ಮನ ಪಾತ್ರದವನು ಬಾಯಿ ತೆರೆದ ಮೊದಲ ಸೀನಿಗೇ ಎದ್ದು ಬಂದೆ.

ಮಾಸ್ಟರ್ ಬೆರಳುಗಳು ಈಗಲೂ ಪೂರ್ತಿ ಮಡಚುವುದಿಲ್ಲ. ಮುಷ್ಟಿ ಕಟ್ಟಲಾಗದವರನ್ನು ಫೈಟಿಗೆ ಯಾರು ಕರೆಯುತ್ತಾರೆ? ನಂಜನಗೂಡಿನ ಒಂದು ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯೂರಿಟಿ ಆಗಿದ್ದಾರೆ. ಕ್ಲಾಸೂ ನಿಂತುಹೋಗಿದೆ.

ಹೋದ ಭಾನುವಾರ ತಡೆಯಲಾರದೆ ಅವರ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಕಾಲು ಹಿಡಿದುಕೊಂಡೆ.

ಪೆನ್ಸಿಲ್ ಇಲ್ಲದ್ದು ಅವರಿಗೆ ಅವತ್ತು ಬಗ್ಗಿದಾಗಲೇ ಕಂಡಿತ್ತಂತೆ. ಮತ್ತೆ ಯಾಕೆ ಸಾ ಹೊಡೆದಿರಿ ಅಂದೆ.

“ನಿನ್ ಮೊಕ ನೋಡ್ದೆ ಕಣ್ಲಾ. ನೀನು ಅಷ್ಟು ನಂಬ್ಕಂಡಿದ್ದೆ. ನನ್ ಕೈಲಿ ಆಗಕ್ಕಿಲ್ಲ ಅಂತ ನಿಂಗೆ ಎಂಗೇಳ್ಲಿ?”

ಆಮೇಲೆ ಊಟ ಮಾಡಿಕೊಂಡು ಹೋಗು ಅಂದರು. ತಟ್ಟೆ ಮುಂದೆ ಕೂತು ಅಳುತ್ತಾ ಉಂಡೆ. ಅವರು ಸಾರು ಬಡಿಸಿದರೇ ಹೊರತು ಬಯ್ಯಲಿಲ್ಲ.

ನೀವೇ ಹೇಳಿ... ಗುರು ಒಂದು ಮಾತೂ ಬಯ್ಯದೆ ಬಿಟ್ಟರೆ, ಶಿಷ್ಯ ತನ್ನ ತಪ್ಪನ್ನು ಎಲ್ಲಿ ಇಳಿಸಬೇಕು?