ಸಪಾಟ ಹಾದಿಯ ಸೈಕಲ್ಲು

ನಿನ್ನೆ ರೋಣದ ಸೈಕಲ್ ಅಂಗಡಿಯಲ್ಲಿ ಮಗಳಿಗೊಂದು ಗೇರ್ ಸೈಕಲ್ ನೋಡುತ್ತಿದ್ದೆ. ಚೈನಿನ ಎಣ್ಣೆಯ ವಾಸನೆ ಮೂಗಿಗಡರಿತು. "ನಮ್ಮದು ಸಪಾಟ ಹಾದಿ, ಗೇರ್ ಯಾಕ್ರಿ ಅಕ್ಕಾರ?" ಎಂದ ಅಂಗಡಿಯವ.

ನಾನು ಸಣ್ಣವಳಿದ್ದಾಗ ಅಪ್ಪನದೂ ಅದೇ ಮಾತು. ತನ್ನ ಸೈಕಲ್ಲಿನ ಹಿಂದಿನ ಗಾಲಿಗೆ, ಚೈನು ಕೂರುವಲ್ಲಿ, ಕಡಿಮೆ ಹಲ್ಲಿನ ಸಣ್ಣ ಚಕ್ರ ಹಾಕಿಸಿದ್ದ. ನರಗುಂದದ ಹಾದಿಯಲ್ಲಿ ಒಮ್ಮೆ ತುಳಿದರೆ ಹಾರಿದಂತೆ ಹೋಗುತ್ತಿತ್ತು.

ಒಂದು ದಿನ ಗಜೇಂದ್ರಗಡದ ಏರಿನಲ್ಲಿ ಮಾತ್ರ ಆ ಸಣ್ಣ ಚಕ್ರದಿಂದಾಗಿ ಪೆಡಲ್ ಜಗ್ಗಲಿಲ್ಲ. ಅಪ್ಪ ಎದ್ದು ನಿಂತು ಜೋರಾಗಿ ತುಳಿದ, ಚೈನು ಹರಿಯಿತು. ಬ್ರೇಕೂ ಹಿಡಿಯಲಿಲ್ಲ. ಅವನು ಕೆಳಗೆ ಹಾರಿದ. ಕ್ಯಾರಿಯರ್ ಮೇಲಿದ್ದ ನಾನು ಸೈಕಲ್ ಸಮೇತ ಹಿಂದಕ್ಕೆ ಜಾರತೊಡಗಿದೆ. ಅಪ್ಪ ತನ್ನ ಬರಿಗಾಲನ್ನೇ ಗಾಲಿಯ ಕಡ್ಡಿಗಳೊಳಗೆ ತುರುಕಿದ!

ರಕ್ತ ಸುರಿಯುತ್ತಿತ್ತು. ಅವನು ಕೇಳಿದ್ದು, "ಹೆದರಿದೇನ ಯವ್ವಾ?"

"ಅವ್ವಾ, ಇಲ್ಲೆ ಏರು ಎಲ್ಲೈತಿ?" ಎಂದು ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದ ಮಗಳು ನಕ್ಕಳು.

"ಗೇರ್ ಇರೋದ ಕೊಡ್ರಿ," ಎಂದೆ. ಹೊಳೆಯುತ್ತಿದ್ದ ಆ ಕಡ್ಡಿಗಳತ್ತ ಮಾತ್ರ ನೋಡಲಾಗಲಿಲ್ಲ.