ನಾಲ್ಕು ಸಾವಿರ ವರ್ಷದ ಸಾರಣೆ

ನಾನೇನು ಓದುತ್ತಿದ್ದೇನೆಂದು ಆದೋನಿಯ ನಮ್ಮ ಮನೆಯವರು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಹತ್ತಿ ವ್ಯಾಪಾರದ ಮನೆತನ. ಮಗಳು ಸೂಕ್ಷ್ಮದರ್ಶಕದಲ್ಲಿ ಹಳೆಯ ಸೆಗಣಿ ನೋಡುತ್ತಾಳೆಂದು ಬೀಗರ ಮುಂದೆ ಯಾವ ಬಾಯಲ್ಲಿ ಹೇಳುವುದು? ಅವ್ವ ಮಾತ್ರ ನನಗೇ ನೇರವಾಗಿ ಹೇಳಿದಳು: “ಸೆಗಣಿ ನೋಡಾಕ ಇಷ್ಟು ಓದಬೇಕಿತ್ತೇನು? ಹಿತ್ತಲದಾಗ ಎಮ್ಮಿ ಐತಿ, ಪುಕ್ಕಟ ನೋಡು.”

ಚಿಪ್ಪಗಿರಿ ಕಡೆಯ ಗುಡ್ಡವೊಂದರ ಬುಡದಲ್ಲಿ ನಮ್ಮ ಅಗೆತ. ನಾಲ್ಕು ಸಾವಿರ ವರ್ಷದ ಹಿಂದೆ ಕಲ್ಲಿನ ಕೊಡಲಿ ಹಿಡಿದು ದನ ಸಾಕಿದ ಜನರ ಊರು ಅದು. ಅವರು ಮನೆಯ ನೆಲವನ್ನು ಸೆಗಣಿಯಿಂದ ಸಾರಿಸುತ್ತಿದ್ದರೇ ಎಂಬುದು ನನ್ನ ಪಿಎಚ್‌ಡಿಯ ಪ್ರಶ್ನೆ. ಹೌದೆಂದು ತೋರಿಸಿದರೆ ಪದವಿ, ಇಲ್ಲದಿದ್ದರೆ ಮದುವೆ.

ಕೂಲಿಗೆ ಬರುತ್ತಿದ್ದವರಲ್ಲಿ ಐವತ್ತರ ಆಸುಪಾಸಿನ ಒಬ್ಬ ಅಕ್ಕ ಇದ್ದಳು. ಬೂದಿ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆಂದು ಎರಡು ಡಿಗ್ರಿ ಮಾಡಿದ ನನಗೆ ತಿಳಿಯುತ್ತಿರಲಿಲ್ಲ. ಆಕೆ ಗಾರೆಯವರ ಕರಣೆ ತಾಗಿಸಿ, “ಇಲ್ಲಿಗೆ ನಿಲ್ಲಸ್ರಿ, ನೆಲ ಬಂತು” ಎನ್ನುತ್ತಿದ್ದಳು. ನನಗೆ ಬೇಕಾದ ನೆಲವನ್ನು ಮೂಲೆಯ ಗುಂಡಿಯಲ್ಲಿ ಹುಡುಕಿಕೊಟ್ಟವಳೂ ಆಕೆಯೇ.

ಅದು ಸಿಕ್ಕ ಮರುದಿನ ಅಮಾವಾಸ್ಯೆ, ಕೆಲಸಕ್ಕೆ ರಜೆ. ಅದರ ಮಾರನೆಯ ದಿನ ನನ್ನ ಗೈಡ್ ಬಂದು ನೆಲ ನೋಡಿ ಮೈಮರೆತರು. ನಾನು ಅದರ ಒಂದು ತುಂಡನ್ನು ಇಟ್ಟಿಗೆಯಂತೆ ಕೊಯ್ದು ಪ್ರಯೋಗಾಲಯಕ್ಕೆ ಕಳಿಸಿದೆ. ಅಲ್ಲಿ ಅದಕ್ಕೆ ಅಂಟು ಕುಡಿಸಿ ಗಟ್ಟಿ ಮಾಡಿ, ಕೂದಲಿಗಿಂತ ತೆಳ್ಳಗೆ ಸವೆಸಿ, ಗಾಜಿಗೆ ಅಂಟಿಸಿಕೊಟ್ಟರು. ಕಣ್ಣಿಟ್ಟು ನೋಡಿದೆ. ಮೇಲ್ಪದರದಲ್ಲಿ ಸೆಗಣಿಯ ದುಂಡನೆಯ ಸುಣ್ಣದ ಕಣಗಳು, ನಡುವೆ ಹುಲ್ಲಿನ ನಾರು, ನಿನ್ನೆ ಮೇಯ್ದು ಹಾಕಿದಷ್ಟು ತಾಜಾ. ಬುದ್ಧಿ ಇದ್ದವರಿಗೆ ಅಲ್ಲೇ ಅನುಮಾನ ಬರಬೇಕು. ನಾನು ‘ಅಸಾಧಾರಣವಾಗಿ ಉಳಿದುಬಂದಿದೆ’ ಎಂದು ಬರೆದು, ಅದರ ಮೇಲೆ ಒಂದಿಡೀ ಅಧ್ಯಾಯ ಕಟ್ಟಿದೆ. ಗೈಡ್ ಶಾಬಾಷ್ ಅಂದರು.

ಪ್ರಬಂಧ ಒಪ್ಪಿಸಲು ವಾರ ಇರುವಾಗ ಆ ಪದರದ ಚಿತ್ರ ಹಿಡಿದು ಅಕ್ಕನ ಮನೆಗೆ ಹೋದೆ. ದೊಡ್ಡಸ್ತಿಕೆ ತೋರಿಸಲಿಕ್ಕೆ, ಮತ್ತೇನು.

“ನೋಡಕ್ಕ, ನಾಲ್ಕು ಸಾವಿರ ವರ್ಷದ ಹಿಂದ ಒಬ್ಬಾಕಿ ಸಾರಿಸಿದ ನೆಲ.”

ಆಕೆ ಚಿತ್ರವನ್ನು ತಿರುವಿ ಮುರುವಿ ನೋಡಿದಳು. “ಯಾವ್ದು, ಆ ಮೂಲಿ ಗುಂಡಿದಾ? ಅದನ್ನ ಸಾರಿಸಿದಾಕಿ ನಾನಾ ರೀ ಅಮ್ಮಾ. ಅಮಾಸಿ ದಿನ. ನಾಳಿ ದೊಡ್ಡ ಸಾರು ಬರ್ತಾರ ಅಂದಿದ್ರಿ. ಯಾರೋ ಬಾಳ್ವಿ ಮಾಡಿದ ಮನಿ, ಹಂಗ ಧೂಳು ಹಾರಿಸ್ಕೋತ ತೋರಸ್ತಾರೇನು?”

ನಾನು ಚಿತ್ರವನ್ನು ಆಕೆಯ ಕೈಯಿಂದ ಕಿತ್ತುಕೊಂಡೆ.

“ತಪ್ಪಾತೇನ್ರಿ?” ಎಂದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ. ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ.

ಗೈಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಇದು ಇನ್ಯಾರಿಗೆ ಗೊತ್ತು?” ಎಂದರು. “ಸಾರಿಸಿದ ಆಕೆಗೆ ಮಾತ್ರ” ಅಂದೆ. “ಆಕೆ ಇಂಗ್ಲಿಷ್ ಓದ್ತಾಳಾ?” ಎಂದು ಕೇಳಿದರು. ಎಂಥ ಸೂಕ್ಷ್ಮ ಪರೀಕ್ಷೆ! ಸುಳ್ಳೇಕೆ, ಎರಡು ದಿನ ನಾನೂ ಅದನ್ನೇ ಯೋಚಿಸಿದೆ. ಆಕೆ ಓದುವುದಿಲ್ಲ, ನಿಜ, ನಾನು ಓದುತ್ತೇನಲ್ಲ. ಮೂರನೆಯ ದಿನ ಅಧ್ಯಾಯವನ್ನು ಕಿತ್ತುಹಾಕಿದೆ. ಪದವಿ ಒಂದು ವರ್ಷ ಮುಂದಕ್ಕೆ ಹೋಯಿತು, ಸುದ್ದಿ ಕೂಲಿಯವರಿಗೆಲ್ಲ ಮುಟ್ಟಿತು.

ಮರುವರ್ಷ ಮತ್ತೆ ಅಗೆತ ಶುರುವಾದಾಗ ಅಕ್ಕ ಬುಟ್ಟಿ ಹಿಡಿದು ಮಣ್ಣು ಹೊರುವವರ ಸಾಲಿನಲ್ಲಿ ನಿಂತಿದ್ದಳು.

“ಗುಂಡಿಗೆ ಇಳಿ ಅಕ್ಕ, ನೆಲ ಎಲ್ಲಿ ಬರ್ತೈತಿ ಹೇಳು,” ಎಂದೆ.

“ಬ್ಯಾಡ್ರಿ ಅಮ್ಮಾ. ನನ್ನಿಂದ ನಿಮ್ಮ ಓದು ಕೆಟ್ಟಿತಂತ.”

“ನಿನ್ನಿಂದ ಅಲ್ಲ. ನನ್ನ ದಡ್ಡತನದಿಂದ.”

“ಸರಿ ಬಿಡ್ರಿ,” ಎಂದಳು. ನಂಬಿರಲಿಲ್ಲ. ನಾನು ಕರಣೆಯನ್ನು ಆಕೆಯತ್ತ ಚಾಚಿದೆ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.